ಸ್ಪೋರ್ಟ್ ಬೈಕಿನ ಹಿಂದಿನ ಬ್ರೇಕ್: ಪಾರ್ಟ್ ಬದಲಿಸಬೇಕಾ, ಸರ್ವಿಸ್ ಸಾಕಾ, ಬಳಸೋದು ಹೇಗೆ?

ಹೊಸಪ್ಯಾಡ್

600 ಸಿಸಿ ಸ್ಪೋರ್ಟ್ ಬೈಕು, ಎಬಿಎಸ್ ಇಲ್ಲ. ಹಿಂದೆ 220 ಮಿಮೀ ಡಿಸ್ಕ್, 38 ಮಿಮೀ ಪಿಸ್ಟನ್ ಒಂದೇ ಇರುವ ಸ್ಲೈಡಿಂಗ್ ಕ್ಯಾಲಿಪರ್ (ಡಿಸ್ಕನ್ನ ಎರಡು ಪ್ಯಾಡಿನ ನಡುವೆ ಅದುಮೋ ಭಾಗ, ಪಿನ್ ಮೇಲೆ ಜಾರುತ್ತೆ), 14 ಮಿಮೀ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಫ್ಲೂಯಿಡನ್ನ ತಳ್ಳೋದು). ಪೆಡಲ್ ಅರ್ಧಕ್ಕಿಂತ ಜಾಸ್ತಿ ಕೆಳಗೆ ಹೋದ ಮೇಲೆ ಏನೋ ಸ್ವಲ್ಪ ಹಿಡಿದ ಹಾಗಾಗುತ್ತೆ, ಅಷ್ಟೇ. ಎರಡು ಪಿಸ್ಟನ್ನಿನ ಕ್ಯಾಲಿಪರ್, ಸ್ಟೀಲ್ ಹೆಣಿಗೆಯ ಹೋಸ್ (ಫ್ಲೂಯಿಡ್ ಹರಿಯೋ ಕೊಳವೆ), 240 ಮಿಮೀ ಡಿಸ್ಕ್, ಈ ಮೂರೂ ಹಾಕಬಹುದು ಅಂತ ಯೋಚನೆ. ಯಾವುದು ಮೊದಲು?

ಇನ್ನೊಂದು: ಸ್ಪೋರ್ಟ್ ಬೈಕಲ್ಲಿ ಹಿಂದಿನ ಬ್ರೇಕ್ ಮುಟ್ಟಲೇಬಾರದು ಅಂತಾರಲ್ಲ, ಎಷ್ಟು ನಿಜ?

ಗ್ರೀಸ್‌ಕೈ

ಮೂರೂ ಬೇಡ, ಸದ್ಯಕ್ಕೆ. ಪೆಡಲ್ ಏನು ಹೇಳ್ತಿದೆ ಅಂತ ಮೊದಲು ಕೇಳಿ.

ಪೆಡಲ್ ಸ್ಪಂಜಿನ ಹಾಗೆ ಇಳಿದು, ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಮೇಲಕ್ಕೆ ಬಂದು ಗಟ್ಟಿಯಾದ್ರೆ ಲೈನಿನಲ್ಲಿ ಗಾಳಿ ಇದೆ. ಪಂಪ್ ಮಾಡದೆ ಹಾಗೇ ಒತ್ತಿ ಹಿಡ್ಕೊಂಡಾಗ ಮೆಲ್ಲಗೆ ಜಾರಿ ಕೆಳಗಿಳಿದ್ರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಹೋಗಿದೆ, ಇಲ್ಲಾ ಎಲ್ಲೋ ಸೋರ್ತಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದೆ, ಆದ್ರೂ ಹಿಡಿತ ಇಲ್ಲ ಅಂದ್ರೆ ಅದು ಪ್ಯಾಡಿನ ಸಮಸ್ಯೆ: ಮೇಲ್ಮೈ ಗಾಜಿನ ಹಾಗೆ ಹೊಳಪು ಬಂದಿರುತ್ತೆ ಅಥವಾ ಎಣ್ಣೆ ಹೀರಿರುತ್ತೆ. ತಣ್ಣಗಿದ್ದಾಗ ಸರಿ ಇದ್ದು, ಸ್ವಲ್ಪ ಹೊತ್ತು ಓಡಿಸಿದ ಮೇಲೆ ಪೆಡಲ್ ಸತ್ತುಹೋದ್ರೆ ಫ್ಲೂಯಿಡ್ ಕುದೀತಿದೆ. ಹಾಗಾಗಿದ್ರೆ ಯಾಕೆ ಅಷ್ಟು ಬಿಸಿಯಾಗುತ್ತೆ ಅಂತ ಹುಡುಕಬೇಕು, ಬರೀ ಫ್ಲೂಯಿಡ್ ಬದಲಿಸಿದ್ರೆ ಮತ್ತೆ ಅದೇ ಕತೆ.

ನೀವು ಹೇಳಿದ್ದರಲ್ಲಿ ಗಾಳಿ ಒಂದು ಕಾರಣ ಇರಬಹುದು. ಸ್ಲೈಡಿಂಗ್ ಕ್ಯಾಲಿಪರಿನ ಪಿನ್ ಹಿಡ್ಕೊಂಡ್ರೂ ಹೀಗೇ ಆಗುತ್ತೆ ಅನ್ನೋದು ನೆನಪಿರಲಿ. ಪಿಸ್ಟನ್ ಇರೋ ಕಡೆಯ ಪ್ಯಾಡ್ ಡಿಸ್ಕನ್ನ ತಾಗುತ್ತೆ, ಆದ್ರೆ ಕ್ಯಾಲಿಪರ್ ಜಾರಲ್ಲ. ಆಚೆ ಕಡೆ ಪ್ಯಾಡ್ ಹಿಡಿಯೋಕೆ ಬ್ರ್ಯಾಕೆಟ್ಟೂ ಡಿಸ್ಕೂ ಬಾಗಬೇಕಾಗುತ್ತೆ. ಆ ಬಾಗೋದನ್ನೇ ಪೆಡಲ್ಲಿನಲ್ಲಿ ನಾವು ಸ್ಪಂಜು ಅಂದ್ಕೋತೀವಿ. ಎರಡೂ ಪ್ಯಾಡ್ ಹೊರಗೆ ತೆಗೆದು ದಪ್ಪ ಹೋಲಿಸಿ ನೋಡಿ. ಒಂದು 4 ಮಿಮೀ, ಇನ್ನೊಂದು 2 ಮಿಮೀ ಇದ್ರೆ ಉತ್ತರ ಸಿಕ್ತು.

ಲೆಕ್ಕಾಚಾರಿ

ಎರಡನೇ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರವಿದೆ. ಬೈಕು ಮತ್ತು ಸವಾರ ಸೇರಿ 270 ಕೆಜಿ, ಎರಡು ಚಕ್ರಗಳ ನಡುವಿನ ದೂರ 1400 ಮಿಮೀ, ಗುರುತ್ವ ಕೇಂದ್ರ ನೆಲದಿಂದ 650 ಮಿಮೀ ಎತ್ತರ, ನಿಂತಾಗ ಭಾರ ಅರ್ಧಕ್ಕರ್ಧ ಎಂದಿಟ್ಟುಕೊಳ್ಳಿ. ಹಿಂದಿನ ಟೈರಿನ ಮೇಲೆ 135 ಕೆಜಿ. ಬ್ರೇಕ್ ಹಿಡಿದಾಗ ಮುಂದಕ್ಕೆ ಸರಿಯುವ ಭಾರ ಅಂದರೆ ಒಟ್ಟು ತೂಕ, ಗುರುತ್ವದ ಪಾಲಾಗಿ ಲೆಕ್ಕ ಹಾಕಿದ ವೇಗ ಇಳಿಕೆಯ ದರ (ಜಿ) ಮತ್ತು ಎತ್ತರ ಇವುಗಳ ಗುಣಲಬ್ಧವನ್ನು ಚಕ್ರಗಳ ನಡುವಿನ ದೂರದಿಂದ ಭಾಗಿಸಿದಷ್ಟು.

0.3 ಜಿ ಬ್ರೇಕಿಂಗಿನಲ್ಲಿ ಹಿಂದೆ ಉಳಿಯುವುದು 97 ಕೆಜಿ. 0.5 ಜಿ ಆದರೆ 72. 0.8 ಜಿ ಆದರೆ 35. 1 ಜಿಗೆ ಬಂದರೆ ಬರೀ 10 ಕೆಜಿ. 1.08 ಜಿ ಹತ್ತಿರ ಹಿಂದಿನ ಚಕ್ರ ನೆಲ ಬಿಡುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಎಂಥ ಕ್ಯಾಲಿಪರ್ ಹಾಕಿದರೇನು!

ಹಿಂದಿನ ಬ್ರೇಕನ್ನು ಕಂಪನಿಯವರು ಚಿಕ್ಕದಾಗಿ ಇಟ್ಟಿರುವುದು ಜಿಪುಣತನದಿಂದಲ್ಲ. ಮುಂದಿನ ಬ್ರೇಕ್ ಜೋರಾಗಿ ಹಿಡಿದ ಹೊತ್ತಿನಲ್ಲಿ ಬೂಟಿನ ತುದಿ ಸ್ವಲ್ಪ ಹೆಚ್ಚು ಒತ್ತಿದರೂ ಚಕ್ರ ಲಾಕ್ ಆಗಬಾರದು ಎಂಬುದೇ ಕಾರಣ.

ಎರಡುಬೆರಳು

ಹಾಗಾದ್ರೆ ಮುಟ್ಟಬಾರದು ಅನ್ನೋದೇ ಸರಿ ಅಂತಾಯ್ತಲ್ಲ? ಮುಂದಿನ ಲಿವರಿಗೆ ಎರಡು ಬೆರಳು ಹಾಕಿದ್ರೆ ಮುಗೀತು. ಹಿಂದಿನದು ಪಾರ್ಕಿಂಗಿಗೆ, ಇಳಿಜಾರಲ್ಲಿ ನಿಲ್ಲೋಕೆ.

ಲೆಕ್ಕಾಚಾರಿ

ಅದೇ ಲೆಕ್ಕವನ್ನು ತಿರುಗಿಸಿ ಓದಿ. ಒದ್ದೆ ರಸ್ತೆಯಲ್ಲಿ ಟೈರಿನ ಹಿಡಿತ 0.5 ಜಿಗೇ ಮುಗಿಯುತ್ತದೆ ಎಂದಾದರೆ ಒಟ್ಟು ಭಾರದ ಕಾಲು ಭಾಗಕ್ಕಿಂತ ಹೆಚ್ಚು ಇನ್ನೂ ಹಿಂದಿನ ಟೈರಿನ ಮೇಲೇ ಇರುತ್ತದೆ. ಅಷ್ಟು ಹಿಡಿತವನ್ನು ಬಳಸದೆ ಬಿಟ್ಟರೆ ಆ ಕೆಲಸವೂ ಮುಂದಿನ ಟೈರಿನ ತಲೆಗೆ. ಹಿಂದೆ ಒಬ್ಬರು ಕೂತಿದ್ದರಂತೂ ಹಿಂದಿನ ಬ್ರೇಕಿನ ಪಾಲು ಇನ್ನೂ ದೊಡ್ಡದು. ಒಣ ರಸ್ತೆಯಲ್ಲಿ, ಒಬ್ಬರೇ ಇದ್ದು, ಪೂರ್ತಿ ಜೋರು ಹಿಡಿದಾಗ ಮಾತ್ರ ನಿಮ್ಮ ಮಾತು ನಿಜ.

ಟ್ರ್ಯಾಕ್‌ಡೇ

ನಿಲ್ಲಿಸೋದಕ್ಕಿಂತ ಬೈಕನ್ನು ಅಂಕೆಯಲ್ಲಿ ಇಡೋದಕ್ಕೆ ಹಿಂದಿನ ಬ್ರೇಕ್ ಹೆಚ್ಚು ಬೇಕು. ಎಲ್ಲೆಲ್ಲಿ ಅಂತ ಹೇಳ್ತೀನಿ.

ಬ್ರೇಕ್ ಹಿಡಿಯೋ ಆ ಮೊದಲ ಕ್ಷಣ. ಮುಂದಿನ ಲಿವರ್ ಎಳೆಯೋಕೆ ಕಣ್ಣು ಮಿಟುಕಿಸುವಷ್ಟು ಮುಂಚೆ ಹಿಂದಿನದನ್ನ ಸ್ವಲ್ಪ ಒತ್ತಿದ್ರೆ ಬೈಕಿನ ಬಾಲ ಕೆಳಗೆ ಕೂರುತ್ತೆ. ಕಾರಣ ಸರಳ: ಕ್ಯಾಲಿಪರ್ ಸ್ವಿಂಗ್‌ಆರ್ಮಿಗೆ (ಹಿಂದಿನ ಚಕ್ರ ಹಿಡಿದಿರೋ, ಮೇಲೆ ಕೆಳಗೆ ಆಡೋ ತೋಳು) ಸಿಕ್ಕಿಕೊಂಡಿರುತ್ತೆ. ತಿರುಗೋ ಡಿಸ್ಕ್ ಅದನ್ನ ತನ್ನ ಜೊತೆ ಎಳ್ಕೊಂಡು ಹೋಗೋಕೆ ನೋಡುತ್ತೆ, ಆ ಎಳೆತ ಸ್ವಿಂಗ್‌ಆರ್ಮನ್ನ ಮೇಲಕ್ಕೆ ತಿರುಗಿಸಿ ಸ್ಪ್ರಿಂಗನ್ನ ಅದುಮುತ್ತೆ. ಫೋರ್ಕ್ (ಮುಂದಿನ ಸಸ್ಪೆನ್ಷನ್) ಧಡಕ್ಕನೆ ಮುಳುಗೋದರ ಬದಲು ಇಡೀ ಬೈಕು ಕೂತ ಹಾಗೆ ನಿಧಾನ ಆಗುತ್ತೆ. ಮುಂದಿನ ಒತ್ತಡ ಏರ್ತಾ ಹೋದ ಹಾಗೆ ಕಾಲು ಹಗುರ ಮಾಡ್ತಾ ಬರಬೇಕು, ಅದೇ ಕಲಿಯೋಕೆ ಕಷ್ಟ.

ತಿರುವಿನ ಮಧ್ಯೆ. ಬೈಕಿನ ದಾರಿ ತಿರುವಿನ ಹೊರಕ್ಕೆ ಸರೀತಿದೆ ಅನ್ಸಿದ್ರೆ ಥ್ರಾಟಲನ್ನ ಫಟ್ಟನೆ ಮುಚ್ಚಬಾರದು. ಥ್ರಾಟಲ್ ಇದ್ದ ಹಾಗೇ ಇಟ್ಟು ಹಿಂದಿನ ಪೆಡಲನ್ನ ಮೆಲ್ಲಗೆ ಅದುಮಿದ್ರೆ ವೇಗ ಒಂದಿಷ್ಟು ಇಳಿಯುತ್ತೆ, ಬೈಕು ಒಳಗೆ ತಿರುಗುತ್ತೆ, ಫೋರ್ಕಿನ ಕೋನ ಅಷ್ಟೇನೂ ಬದಲಾಗಲ್ಲ. ಮೆಲ್ಲಗೆ ಅಂದ್ರೆ ಮೊಟ್ಟೆ ಒಡೆಯದಷ್ಟು. ವಾಲಿದ ಬೈಕಿನ ಹಿಂದಿನ ಟೈರಿಗೆ ಜಾಸ್ತಿ ಸಾಲ ಕೇಳಬೇಡಿ.

ಮುಂದಿನ ಚಕ್ರ ಎದ್ದಾಗ ಪೆಡಲ್ ಒಮ್ಮೆ ತಟ್ಟಿದ್ರೆ ಇಳಿಯುತ್ತೆ. ಥ್ರಾಟಲ್ ಮುಚ್ಚಿದ್ರೂ ಇಳಿಯುತ್ತೆ, ಆದ್ರೆ ಧೊಪ್ಪಂತ ಬೀಳುತ್ತೆ.

ನಿಧಾನದ ಯು-ಟರ್ನ್: ಕ್ಲಚ್ ಅರ್ಧ, ಥ್ರಾಟಲ್ ಸ್ವಲ್ಪ, ಹಿಂದಿನ ಬ್ರೇಕ್ ಸ್ವಲ್ಪ. ಚೈನ್ ಬಿಗಿಯಾಗೇ ಇರುತ್ತೆ, ಎಳೆದು ಬಿಡೋ ಜಗ್ಗಾಟ ಇರಲ್ಲ. ಅಲ್ಲಿ ಮುಂದಿನ ಬ್ರೇಕ್ ಮುಟ್ಟಿದ್ರೆ ಬೈಕು ತಿರುಗಿದ ಕಡೆಗೇ ಮಲಗುತ್ತೆ.

ಎರಡುಬೆರಳು

ಸರಿ, ಯು-ಟರ್ನ್ ಒಪ್ಪಿದೆ. ಆದರೆ ಜೋರಾಗಿ ಹಿಡಿಯುವಾಗ ಗೇರೂ ಇಳಿಸ್ತಾ ಕಾಲೂ ಹಾಕಿದ್ರೆ ಹಿಂದಿನ ಚಕ್ರ ಕುಣಿಯುತ್ತಲ್ಲ? ಸ್ಲಿಪ್ಪರ್ ಕ್ಲಚ್ ಇದ್ರೂ?

ಟ್ರ್ಯಾಕ್‌ಡೇ

ಕುಣಿಯುತ್ತೆ. ಸ್ಲಿಪ್ಪರ್ ಕ್ಲಚ್ ಇಂಜಿನ್ನಿನ ಹಿಂದೆಳೆತಕ್ಕೆ ಮಾತ್ರ ಮಿತಿ ಹಾಕುತ್ತೆ, ಬ್ರೇಕಿನ ಎಳೆತ ಅದಕ್ಕೆ ಗೊತ್ತೇ ಇಲ್ಲ. ಟೈರಿಗೆ ಎರಡೂ ಸೇರಿದ ಮೊತ್ತ ಬೀಳುತ್ತೆ, ಮೇಲಿನ ಲೆಕ್ಕದಂತೆ ಅಲ್ಲಿರೋ ಭಾರ 20–30 ಕೆಜಿ. ಹಾಗಾಗಿ ಗೇರ್ ಇಳಿಸೋ ಹೊತ್ತಿಗೆ ಪೆಡಲ್ ಪೂರ್ತಿ ಹಗುರ ಆಗಿರಬೇಕು, ಇಲ್ಲಾ ಥ್ರಾಟಲ್ ಬ್ಲಿಪ್ ಮಾಡಿ (ಕ್ಷಣಕಾಲ ತೆರೆದು ಮುಚ್ಚಿ) ಆರ್‌ಪಿಎಂ ಸರಿಹೊಂದಿಸಬೇಕು.

ಲಾಕ್ ಆದ್ರೆ: ಬೈಕು ನೆಟ್ಟಗಿದ್ದು ಹಿಂಭಾಗ ಸಾಲಿನಲ್ಲೇ ಇದ್ರೆ ಪೆಡಲ್ ಸಲೀಸಾಗಿ ಬಿಟ್ಟುಬಿಡಿ. ಹಿಂಭಾಗ ಆಗಲೇ ಪಕ್ಕಕ್ಕೆ ಸರಿದಿದ್ರೆ ಫಟ್ಟನೆ ಬಿಡೋದೇ ಅಪಾಯ. ಚಕ್ರ ಮತ್ತೆ ಹಿಡಿತ ಸಿಕ್ಕ ತಕ್ಷಣ ಬೈಕನ್ನ ಎತ್ತಿ ಆಚೆ ಕಡೆ ಒಗೆಯುತ್ತೆ. ಹೈಸೈಡ್ ಅನ್ನೋದು ಅದೇ.

ಅಭ್ಯಾಸಕ್ಕೆ ಖಾಲಿ, ಒಣಗಿದ, ನೇರ ಜಾಗ ಸಾಕು. 30–40 ಕಿಮೀ ವೇಗ, ಕ್ಲಚ್ ಒಳಗೆ, ಮುಂದಿನದು ಮುಟ್ಟದೆ ಹಿಂದಿನದನ್ನ ಒಂದೇ ಸಮ ಏರಿಸ್ತಾ ಹೋಗಿ. ಟೈರ್ ಕೀರ್ ಅನ್ನೋ ಜಾಗ ಕಾಲಿಗೆ ಗೊತ್ತಾಗೋವರೆಗೂ ಹತ್ತಿಪ್ಪತ್ತು ಸಲ.

ಗ್ರೀಸ್‌ಕೈ

ಈಗ ಬ್ಲೀಡಿಂಗ್, ಅಂದ್ರೆ ಲೈನಿನ ಗಾಳಿ ಹೊರಗೆ ತೆಗೆಯೋದು. ಸರ್ವಿಸ್ ಮಾಡೋರೇ ತಪ್ಪು ಮಾಡೋ ಜಾಗ ಇದು, ಅದಕ್ಕೆ ಉದ್ದ ಬರೀತೀನಿ.

ಮೊದಲು ಕ್ಯಾಲಿಪರಿನ ನಿಪ್ಪಲ್ (ಗಾಳಿ, ಫ್ಲೂಯಿಡ್ ಹೊರಬಿಡೋ ತಿರುಪು) ಎಲ್ಲಿದೆ ನೋಡಿ. ಗಾಳಿ ಮೇಲಕ್ಕೇ ಹೋಗೋದು. ಕ್ಯಾಲಿಪರ್ ಸ್ವಿಂಗ್‌ಆರ್ಮಿನ ಕೆಳಗೆ ತೂಗಾಡ್ತಿದ್ದು ನಿಪ್ಪಲ್ ಕೆಳಮುಖ ಆಗಿದ್ರೆ ಒಂದು ಲೀಟರ್ ಫ್ಲೂಯಿಡ್ ಸುರಿದ್ರೂ ಒಳಗಿನ ಗುಳ್ಳೆ ಹೋಗಲ್ಲ. ಕ್ಯಾಲಿಪರನ್ನ ಬ್ರ್ಯಾಕೆಟ್ಟಿಂದ ಬಿಚ್ಚಿ, ಪ್ಯಾಡುಗಳ ನಡುವೆ ಡಿಸ್ಕ್ ದಪ್ಪದ, ಅಂದ್ರೆ 5 ಮಿಮೀ ಸುಮಾರಿನ ಗಟ್ಟಿ ಪಟ್ಟಿ ಸಿಗಿಸಿ, ನಿಪ್ಪಲ್ ಎಲ್ಲಕ್ಕಿಂತ ಮೇಲೆ ಬರೋ ಹಾಗೆ ತಿರುಗಿಸಿ ಹಿಡಿಯಬೇಕು. ಪಟ್ಟಿ ಇಡೋದು ಮರೆತು ಪೆಡಲ್ ಒತ್ತಿದ್ರೆ ಪಿಸ್ಟನ್ ಹೊರಗೆ ಬಂದು ಮಡಿಲಲ್ಲಿ ಬೀಳುತ್ತೆ.

ಮಾಸ್ಟರಿನ ಡಬ್ಬಿಯಲ್ಲಿರೋ ಹಳೇ ಫ್ಲೂಯಿಡನ್ನ ಸಿರಿಂಜಿನಿಂದ ಹೀರಿ ತೆಗೆದು, ಒಳಗೆ ಒರೆಸಿ, ಹೊಸದು ತುಂಬಿ. ಹೊಸ ಬಾಟಲಿ, ಆಗಷ್ಟೇ ಸೀಲ್ ಒಡೆದದ್ದು. 250 ಮಿಲೀ ಸಾಕು, ಹಿಂದಿನ ಲೈನ್ ಪೂರ್ತಿ ತೊಳೆಯೋಕೆ 100–150 ಮಿಲೀ ಹೋಗುತ್ತೆ. ನಿಪ್ಪಲಿಗೆ ಮೊದಲು ರಿಂಗ್ ಸ್ಪ್ಯಾನರ್ ಹಾಕಿ, ಅದರ ಮೇಲೆ ಪಾರದರ್ಶಕ ಟ್ಯೂಬ್. ಟ್ಯೂಬಿನ ಇನ್ನೊಂದು ತುದಿ ಸ್ವಲ್ಪ ಫ್ಲೂಯಿಡ್ ಇರೋ ಬಾಟಲಿಯಲ್ಲಿ ಮುಳುಗಿರಲಿ. ಪೆಡಲ್ ಒತ್ತಿ ಹಿಡೀರಿ, ನಿಪ್ಪಲ್ ಕಾಲು ಸುತ್ತು ಬಿಡಿಸಿ, ಪೆಡಲ್ ಇಳೀಲಿ, ನಿಪ್ಪಲ್ ಮುಚ್ಚಿ, ಆಮೇಲೆ ಪೆಡಲ್ ಬಿಡಿ. ಈ ಕ್ರಮ ತಪ್ಪಿದ್ರೆ ಹೊರಗಿನ ಗಾಳಿಯನ್ನ ನೀವೇ ಒಳಗೆ ಎಳ್ಕೊತೀರಿ.

ಹಳೇ ಬೈಕಲ್ಲಿ ಪೆಡಲನ್ನ ನೆಲಕ್ಕೆ ಮುಟ್ಟೋ ಹಾಗೆ ಒತ್ತಬೇಡಿ. ದಿನಾ ಓಡಾಡದ ಆ ಕೊನೆಯ ಭಾಗದಲ್ಲಿ ಸಿಲಿಂಡರಿನೊಳಗೆ ತುಕ್ಕಿನ ಕಲೆ ಕೂತಿರುತ್ತೆ, ರಬ್ಬರ್ ಕಪ್ ಅದರ ಮೇಲೆ ಹೋದ್ರೆ ಹರಿಯುತ್ತೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಕೊಳ್ಳಿ.

ವ್ಯಾಕ್ಯೂಮ್ ಪಂಪಿನಲ್ಲಿ ಎಳೆಯೋರಿಗೆ ಒಂದು ಮಾತು. ಸಣ್ಣ ಗುಳ್ಳೆ ಬರ್ತಾನೇ ಇದ್ರೆ ಹೆದರಬೇಡಿ, ಅದು ನಿಪ್ಪಲಿನ ಮರೆಯ (ತಿರುಪಿನ ಸುರುಳಿ ಗೆರೆಯ) ಸುತ್ತ ನುಗ್ಗೋ ಹೊರಗಿನ ಗಾಳಿ. ಲೈನಿನದಲ್ಲ.

ಎಲ್ಲ ಮಾಡಿದ ಮೇಲೂ ಪೆಡಲ್ ಮೆತ್ತಗೇ ಇದ್ರೆ ಗುಳ್ಳೆ ಮಾಸ್ಟರಿನ ಮೇಲಿನ ಬ್ಯಾಂಜೋ ಬೋಲ್ಟಿನಲ್ಲಿ (ಹೋಸನ್ನ ಜೋಡಿಸೋ, ಒಳಗೆ ತೂತಿರೋ ಬೋಲ್ಟು) ಕೂತಿರುತ್ತೆ. ಸುತ್ತ ಬಟ್ಟೆ ಸುತ್ತಿ, ಪೆಡಲ್ ಅದುಮಿ, ಬೋಲ್ಟನ್ನ ಕೂದಲೆಳೆಯಷ್ಟು ಸಡಿಲ ಮಾಡಿ ತಕ್ಷಣ ಬಿಗಿ ಮಾಡಿ. ಪುಸ್ ಅಂದ್ರೆ ಗೆದ್ರಿ. ಅಥವಾ ಉಲ್ಟಾ ಮಾಡಿ: ಕ್ಯಾಲಿಪರ್ ನಿಪ್ಪಲಿಂದ ಸಿರಿಂಜಿನಲ್ಲಿ ಫ್ಲೂಯಿಡನ್ನ ಮೇಲಕ್ಕೆ ತಳ್ಳಿ, ಗುಳ್ಳೆ ತಾನು ಹೋಗಬೇಕಾದ ದಾರಿಯಲ್ಲೇ ಹೋಗುತ್ತೆ. ಡಬ್ಬಿ ತುಂಬಿ ಚೆಲ್ಲದ ಹಾಗೆ ಮೇಲೆ ಒಬ್ಬರು ನೋಡ್ಕೋಬೇಕು. ಈ ಫ್ಲೂಯಿಡ್ ಪೇಂಟ್ ತಿನ್ನುತ್ತೆ, ಬಿದ್ದ ಕಡೆ ಕೂಡಲೇ ನೀರು ಹಾಕಿ.

ಹೊಸಪ್ಯಾಡ್

ಫ್ಲೂಯಿಡ್ ಯಾವ ದರ್ಜೆ, ಡಾಟ್ 4 ಹಾಕಲಾ, 5.1 ಹಾಕಲಾ?

ಗ್ರೀಸ್‌ಕೈ

ಡಬ್ಬಿ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದು. ಡಾಟ್ 4 ಅಂತಿದ್ರೆ 5.1 ಕೂಡ ನಡೆಯುತ್ತೆ, ಎರಡೂ ಗ್ಲೈಕಾಲ್ ಜಾತಿಯವೇ. ಮಾನದಂಡದ ಪ್ರಕಾರ ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ 155. 5.1 ಆದ್ರೆ 260 ಮತ್ತು 180. ಬರೀ 5 ಅಂತ ಇರೋದು ಸಿಲಿಕೋನ್, ಅದನ್ನ ಇದರ ಜೊತೆ ಬೆರೆಸಲೇಬಾರದು. ಹೆಸರು ಹತ್ತಿರ ಇದೆ ಅಂತ ಮೋಸ ಹೋಗೋರು ಜಾಸ್ತಿ. ಯಾವುದೇ ಹಾಕಿದ್ರೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಒಮ್ಮೆ ಕುದ್ದ ಫ್ಲೂಯಿಡ್ ತಣ್ಣಗಾದ ಮೇಲೆ ಪೆಡಲ್ ಮತ್ತೆ ಗಟ್ಟಿ ಅನ್ಸಬಹುದು, ನಂಬಬೇಡಿ.

ಸರ್ಕ್ಲಿಪ್

ಪೆಡಲ್ ಜಾಸ್ತಿ ಇಳೀತದೆ ಅಂತಾದ್ರೆ ಸುಲಭ ದಾರಿ ಉಂಟು ಮಾರಾಯ್ರೆ. ಮಾಸ್ಟರಿಗೆ ಹೋಗುವ ಪುಶ್‌ರಾಡಿನ ಲಾಕ್‌ನಟ್ ಸಡಿಲಿಸಿ ರಾಡ್ ಉದ್ದ ಮಾಡಿ. ಪೆಡಲಿನ ಆಟ ಪೂರ್ತಿ ತೆಗೆದ್ರೆ ಮುಟ್ಟಿದ ಕೂಡಲೇ ಹಿಡೀತದೆ.

ಗ್ರೀಸ್‌ಕೈ

ಸರ್ಕ್ಲಿಪ್ ಅವರೇ, ದಯವಿಟ್ಟು ಇದನ್ನ ಯಾರೂ ಮಾಡಬೇಡಿ. ಈ ಇಡೀ ಚರ್ಚೆಯಲ್ಲಿ ಒಂದೇ ಒಂದು ಮಾತು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ.

ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದಾಗ ಮಾತ್ರ ಒಂದು ಸಣ್ಣ ತೂತು ತೆರ್ಕೊಳ್ಳುತ್ತೆ, ಸೂಜಿ ತುದಿಯಷ್ಟು. ಲೈನಿನ ಫ್ಲೂಯಿಡ್ ಬಿಸಿಯಾಗಿ ಹಿಗ್ಗಿದ್ರೆ ಆ ತೂತಿನಿಂದ ಡಬ್ಬಿಗೆ ವಾಪಸ್ ಹೋಗುತ್ತೆ. ನೀವು ರಾಡ್ ಉದ್ದ ಮಾಡಿ ಪಿಸ್ಟನ್ನನ್ನ ಒಂದು ಮಿಲಿಮೀಟರ್ ಮುಂದೆ ತಳ್ಳಿಟ್ರೆ ರಬ್ಬರ್ ಕಪ್ ಆ ತೂತನ್ನ ಮುಚ್ಚಿಬಿಡುತ್ತೆ. ಓಡಿಸ್ತಾ ಓಡಿಸ್ತಾ ಡಿಸ್ಕ್ ಬಿಸಿ, ಫ್ಲೂಯಿಡ್ ಹಿಗ್ಗಿತು, ಹೋಗೋಕೆ ದಾರಿ ಇಲ್ಲ, ಪ್ಯಾಡನ್ನ ತಳ್ಳುತ್ತೆ. ಪ್ಯಾಡ್ ಉಜ್ಜಿ ಇನ್ನೂ ಬಿಸಿ, ಇನ್ನೂ ಹಿಗ್ಗು. ಕಾಲು ಇಡದೇನೇ ಹಿಂದಿನ ಚಕ್ರ ತಾನಾಗೇ ಬಿಗಿಯಾಗ್ತಾ ಹೋಗುತ್ತೆ, ಕೊನೆಗೆ ಲಾಕ್. ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿದ್ರೆ ಮೊದಲು ಅನುಮಾನ ಪಡಬೇಕಾದ್ದು ಇದರ ಮೇಲೆ.

ರಾಡಿಗೆ 1–2 ಮಿಮೀ ಆಟ ಇರಲೇಬೇಕು. ಪೆಡಲಿನ ತುದಿಯಲ್ಲಿ ಅದು ಕೆಲವು ಮಿಮೀ ಆಗಿ ಕಾಣುತ್ತೆ. ಪರೀಕ್ಷೆ: ಡಬ್ಬಿ ಮುಚ್ಚಳ ತೆಗೆದು ಪೆಡಲನ್ನ ಮೆಲ್ಲಗೆ ಒತ್ತಿ. ಶುರುವಿನಲ್ಲಿ ಫ್ಲೂಯಿಡ್ ಮೇಲ್ಮೈಯಲ್ಲಿ ಸಣ್ಣ ಚಿಲುಮೆ ಎದ್ದ ಹಾಗೆ ಕಂಡ್ರೆ ತೂತು ತೆರೆದಿದೆ ಅಂತ ಅರ್ಥ. ಮುಖ ಹತ್ತಿರ ಇಟ್ಟು ನೋಡಬೇಡಿ, ಕಣ್ಣಿಗೆ ಹಾರುತ್ತೆ.

ಸರ್ಕ್ಲಿಪ್

ಓ, ಹಾಗೆ ಉಂಟಾ. ಮೇಲಿನ ಸಲಹೆ ವಾಪಸ್. ಪೆಡಲಿನ ಎತ್ತರ ಬದಲಿಸಬೇಕಾದ್ರೆ?

ಗ್ರೀಸ್‌ಕೈ

ಎತ್ತರ ಬದಲಿಸಿ, ಆಮೇಲೆ ಆಟ ಮತ್ತೆ ಅಳೀರಿ. ಎರಡೂ ಬೇರೆ ಬೇರೆ ಲೆಕ್ಕ. ರಿಯರ್‌ಸೆಟ್ (ಕಾಲಿಡೋ ಪೆಗ್ಗು, ಪೆಡಲುಗಳ ಜಾಗ ಬದಲಿಸೋ ಕಿಟ್) ಹಾಕಿದವರು ಇದನ್ನ ಕಡ್ಡಾಯ ನೋಡಿ. ಪೆಗ್ಗಿನ ಜಾಗ ಬದಲಾದ್ರೆ ಪೆಡಲಿನ ಕೋನ, ಪುಶ್‌ರಾಡಿನ ಉದ್ದ, ಬ್ರೇಕ್ ಲೈಟಿನ ಸ್ವಿಚ್ಚು ಮೂರೂ ಕೆಡುತ್ತೆ. ಸ್ವಿಚ್ಚಿನ ನಟ್ಟನ್ನ ತಿರುಗಿಸಬೇಕೇ ಹೊರತು ಸ್ವಿಚ್ಚನ್ನಲ್ಲ, ತಂತಿ ತಿರುಚಿಕೊಳ್ಳುತ್ತೆ.

ಪೆಡಲ್ ಎಷ್ಟು ಎತ್ತರ? ಓಡಿಸುವಾಗ ಹಾಕೋ ಬೂಟನ್ನೇ ಹಾಕ್ಕೊಂಡು, ಬೈಕನ್ನ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ಟ್ಯಾಂಕಿನ ಮೇಲೆ ಬಗ್ಗಿ ಕೂತು ನೋಡಿ. ಪಾದ ಸಹಜವಾಗಿ ಇಟ್ಟಾಗ ಪೆಡಲ್ ಬೂಟಿನ ಅಡಿಗೆ ತಾಗದೆ ಒಂದು ಬೆರಳಿನಷ್ಟು ಕೆಳಗಿರಲಿ. ಎತ್ತರ ಇದ್ರೆ ಗೊತ್ತಿಲ್ಲದೇ ಕಾಲು ಅದರ ಮೇಲೇ ಕೂತು ಪ್ಯಾಡ್ ಉಜ್ತಾ ಇರುತ್ತೆ. ತೀರಾ ಕೆಳಗಿದ್ರೆ ಒತ್ತೋಕೆ ಇಡೀ ಹಿಮ್ಮಡಿ ಎತ್ತಬೇಕು, ಆಗ ಸೂಕ್ಷ್ಮ ಎಲ್ಲಿ ಬರಬೇಕು?

ಲೆಕ್ಕಾಚಾರಿ

ಮೊದಲ ಪ್ರಶ್ನೆಯ ಕ್ಯಾಲಿಪರ್ ವಿಷಯಕ್ಕೆ ಬರುತ್ತೇನೆ. ಎರಡು ಪಿಸ್ಟನ್ ಎಂದರೆ ಡಬಲ್ ಬಲ ಎಂದು ತುಂಬ ಜನ ನಂಬಿದ್ದಾರೆ. ಸ್ಲೈಡಿಂಗ್ ಕ್ಯಾಲಿಪರಿನಲ್ಲಿ ಒಂದು ಕಡೆಯ ಪಿಸ್ಟನ್ ತಳ್ಳಿದಷ್ಟೇ ಬಲದಿಂದ ಆಚೆ ಕಡೆಯ ಪ್ಯಾಡೂ ಒತ್ತುತ್ತದೆ. ಎದುರುಬದುರು ಪಿಸ್ಟನ್ನಿನ ಕ್ಯಾಲಿಪರಿನೊಂದಿಗೆ ಹೋಲಿಸುವಾಗ ಒಂದು ಪಕ್ಕದ ವಿಸ್ತೀರ್ಣವನ್ನಷ್ಟೇ ಎಣಿಸಬೇಕು.

ಈಗಿರುವುದು 38 ಮಿಮೀ ಪಿಸ್ಟನ್, ಅಂದರೆ 1134 ಚದರ ಮಿಮೀ. ಮಾಸ್ಟರ್ 14 ಮಿಮೀ, ಅಂದರೆ 154 ಚದರ ಮಿಮೀ. ಅನುಪಾತ 7.4. ಬ್ರೆಂಬೊ (ಇಟಲಿಯ ಬ್ರೇಕ್ ಕಂಪನಿ) ಮಾದರಿಯ, ಎದುರುಬದುರು ಎರಡು 34 ಮಿಮೀ ಪಿಸ್ಟನ್ನಿನ ಕ್ಯಾಲಿಪರ್ ಹಾಕಿ ಮಾಸ್ಟರ್ ಹಾಗೇ ಬಿಟ್ಟರೆ 908 ಭಾಗಿಸು 154, ಅಂದರೆ 5.9. ದುಡ್ಡು ಕೊಟ್ಟು ಬ್ರೇಕನ್ನು ಶೇ. 20ರಷ್ಟು ಕುಗ್ಗಿಸಿಕೊಂಡಂತೆ! ಅದರ ಜೊತೆ 13 ಮಿಮೀ ಮಾಸ್ಟರ್ ಹಾಕಿದರೂ 6.8. 11 ಮಿಮೀ ಹಾಕಿದರೆ 9.6.

ಇನ್ನೊಂದು ಕಡೆ, ಕ್ಯಾಲಿಪರ್ ಮುಟ್ಟದೆ ಮಾಸ್ಟರನ್ನು ಮಾತ್ರ 12.7 ಮಿಮೀಗೆ ಇಳಿಸಿದರೆ 1134 ಭಾಗಿಸು 127, ಸುಮಾರು 9. ಅದೇ ಕಾಲಿನ ಬಲಕ್ಕೆ ಶೇ. 21 ಹೆಚ್ಚು ಒತ್ತಡ. ಸಂಖ್ಯೆಯಲ್ಲಿ ಹೇಳುವುದಾದರೆ, ಕಾಲಿನಿಂದ 200 ನ್ಯೂಟನ್, ಪೆಡಲಿನ ಸನ್ನೆ 4 ಪಟ್ಟು ಎಂದಿಟ್ಟುಕೊಂಡರೆ 14 ಮಿಮೀ ಮಾಸ್ಟರಿನಲ್ಲಿ 52 ಬಾರ್, 12.7ರಲ್ಲಿ 63 ಬಾರ್. ಪೆಡಲಿನ ಓಟವೂ ಅಷ್ಟೇ ಪಾಲು ಹೆಚ್ಚುತ್ತದೆ. ಲೈನಿನಲ್ಲಿ ಗಾಳಿ ಇಟ್ಟುಕೊಂಡು ಚಿಕ್ಕ ಮಾಸ್ಟರ್ ಹಾಕಿದರೆ ಪೆಡಲ್ ಕೊನೆ ಮುಟ್ಟುತ್ತದೆ.

240 ಡಿಸ್ಕ್? ಪ್ಯಾಡ್ ಉಜ್ಜುವ ಸರಾಸರಿ ತ್ರಿಜ್ಯ 95ರಿಂದ 105 ಮಿಮೀ ಆಗುತ್ತದೆ, ಲಾಭ ಶೇ. 10ರ ಆಸುಪಾಸು. ಅದಕ್ಕೆ ಹೊಸ ಬ್ರ್ಯಾಕೆಟ್ ಬೇಕು, ಸಸ್ಪೆನ್ಷನ್ ಹೊರಬೇಕಾದ ತೂಕ ಹೆಚ್ಚುತ್ತದೆ. ಬೇಡ.

ಎರಡುಬೆರಳು

ದೊಡ್ಡ ಮಾಸ್ಟರ್ ಹಾಕಿದ್ರೆ ಜೋರು ಹಿಡಿಯುತ್ತೆ ಅಂತಲ್ವಾ ಎಲ್ಲರೂ ಹೇಳೋದು?

ಲೆಕ್ಕಾಚಾರಿ

ದೊಡ್ಡದಾದರೆ ಪೆಡಲ್ ಗಟ್ಟಿಯಾಗುತ್ತದೆ, ಓಟ ಕಡಿಮೆಯಾಗುತ್ತದೆ. ಗಟ್ಟಿ ಪೆಡಲನ್ನು ಕಾಲು ಜೋರು ಬ್ರೇಕ್ ಎಂದುಕೊಳ್ಳುತ್ತದೆ. ಡಿಸ್ಕಿಗೆ ತಲುಪುವ ಬಲ ಇಳಿದಿರುತ್ತದೆ.

ಸರ್ಕ್ಲಿಪ್

ಮಾಸ್ಟರ್ ಬದಲಿಸುವವರು ಅಳೆಯಬೇಕಾದ್ದು: ಎರಡು ಬೋಲ್ಟ್ ತೂತುಗಳ ಮಧ್ಯದಿಂದ ಮಧ್ಯಕ್ಕೆ ದೂರ, 40 ಮತ್ತು 50 ಮಿಮೀಯವು ಹೆಚ್ಚು ಸಿಗ್ತವೆ. ಪುಶ್‌ರಾಡಿನ ಮರೆ ಎಂ6 ಇಲ್ಲಾ ಎಂ8. ಬ್ಯಾಂಜೋ ಬೋಲ್ಟು ಜಪಾನಿ ಬೈಕುಗಳಲ್ಲಿ ಸಾಧಾರಣ 10×1.25, ಬ್ರೆಂಬೊದಲ್ಲಿ 10×1.0. ಕೈಯಲ್ಲಿ ಎರಡು ಸುತ್ತು ಹೋದ ಮೇಲೆ ಬಿಗಿ ಆದ್ರೆ ನಿಲ್ಲಿಸಿ, ಮರೆ ಬೇರೆ. ಸ್ಪ್ಯಾನರ್ ಹಾಕಿ ಒತ್ತಾಯಿಸಿದ್ರೆ ಅಲ್ಯೂಮಿನಿಯಂ ಮರೆ ಹೋಯ್ತು, ಮಾಸ್ಟರೂ ಹೋಯ್ತು.

ಹೊಸಪ್ಯಾಡ್

ಕ್ಯಾಲಿಪರ್ ಯೋಚನೆ ಬಿಟ್ಟೆ. ಪ್ಯಾಡ್ ತೆಗೆದು ನೋಡಿದ್ದಕ್ಕೆ ಒಳಗಿನದು 1.5, ಹೊರಗಿನದು 3.5 ಮಿಮೀ. ಒಂದು ಸ್ಲೈಡ್ ಪಿನ್ ಕೈಯಲ್ಲಿ ಅಲುಗಾಡ್ತಿಲ್ಲ. ಫ್ಲೂಯಿಡ್ ಕಾಫಿ ಡಿಕಾಕ್ಷನ್ ಬಣ್ಣ.

ಗ್ರೀಸ್‌ಕೈ

ಅಂದ್ಕೊಂಡದ್ದೇ. ಪಿನ್ ತಿರುಗಿಸ್ತಾ ಎಳೀರಿ, ಸುತ್ತಿಗೆ ಬೇಡ. ಹೊರಗೆ ಬಂದ ಮೇಲೆ ತುಕ್ಕನ್ನ ಸಣ್ಣ ಉಪ್ಪುಕಾಗದದಲ್ಲಿ ತೆಗೀರಿ. ಗುಂಡಿ ಬಿದ್ದಿದ್ರೆ ಪಿನ್ ಹೊಸದು. ರಬ್ಬರ್ ಬೂಟ್ ಸೀಳಿದ್ರೆ ಅದೂ ಹೊಸದು, ನೀರು ಹೋಗಿದ್ದೇ ಅಲ್ಲಿಂದ. ಹಚ್ಚೋದು ಸಿಲಿಕೋನ್ ಬ್ರೇಕ್ ಗ್ರೀಸ್ ಮಾತ್ರ. ಬೇರಿಂಗಿಗೆ ಹಾಕೋ ಪೆಟ್ರೋಲಿಯಂ ಗ್ರೀಸ್ ಹಚ್ಚಿದ್ರೆ ಬ್ರೇಕಿನ ರಬ್ಬರ್ ಊದಿಕೊಂಡು ಇದಕ್ಕಿಂತ ಕೆಟ್ಟದಾಗಿ ಹಿಡ್ಕೊಳ್ಳುತ್ತೆ.

ಹೊಸ ಪ್ಯಾಡ್ ದಪ್ಪ ಇರೋದ್ರಿಂದ ಪಿಸ್ಟನ್ ಹಿಂದೆ ತಳ್ಳಬೇಕು. ಹಾಗೇ ತಳ್ಳಬೇಡಿ! ಹೊರಗೆ ಚಾಚಿದ ಭಾಗದಲ್ಲಿ ಪ್ಯಾಡ್ ಪುಡಿ ಗಟ್ಟಿಯಾಗಿ ಅಂಟಿರುತ್ತೆ. ಹಲ್ಲುಜ್ಜೋ ಬ್ರಶ್ಶಿಗೆ ಫ್ಲೂಯಿಡ್ ಅದ್ದಿ ಸುತ್ತ ಉಜ್ಜಿ, ಪಿಸ್ಟನ್ ತಿರುಗಿಸಿ ಹಿಂಭಾಗವನ್ನೂ ಉಜ್ಜಿ, ಹೊಳೆದ ಮೇಲೆ ತಳ್ಳಿ. ಕೊಳೆ ಸೀಲಿನ ಒಳಗೆ ಹೋದ್ರೆ ಪಿಸ್ಟನ್ ವಾಪಸ್ ಬರಲ್ಲ, ಪ್ಯಾಡ್ ಸದಾ ಉಜ್ತಾ ಇರುತ್ತೆ. ತಳ್ಳುವಾಗ ಡಬ್ಬಿಯಲ್ಲಿ ಮಟ್ಟ ಏರುತ್ತೆ, ನೋಡ್ಕೊಳ್ಳಿ.

ಡಿಸ್ಕಿನ ದಪ್ಪವನ್ನೂ ಮೈಕ್ರೋಮೀಟರಿನಲ್ಲಿ ಅಳೀರಿ. ಕನಿಷ್ಠ ಎಷ್ಟು ಅಂತ ಡಿಸ್ಕಿನ ಮೇಲೇ ಕೆತ್ತಿರುತ್ತೆ, 5 ಮಿಮೀ ಡಿಸ್ಕಿಗೆ ಸಾಮಾನ್ಯವಾಗಿ 4.5.

ಟ್ರ್ಯಾಕ್‌ಡೇ

ಪ್ಯಾಡ್ ಆಯ್ಕೆಯಲ್ಲಿ ಮುಂದಿನದಕ್ಕೆ ಒಳ್ಳೇದಾದದ್ದು ಹಿಂದಿನದಕ್ಕೂ ಒಳ್ಳೇದು ಅಂತ ಇಲ್ಲ. ಸಿಂಟರ್ಡ್ (ಲೋಹದ ಪುಡಿ ಒತ್ತಿ ಕಾಯಿಸಿ ಮಾಡಿದ ಪ್ಯಾಡ್) ಮಳೆಯಲ್ಲೂ ಬಿಸಿಯಲ್ಲೂ ಹಿಡಿಯುತ್ತೆ, ಬಾಳಿಕೆಯೂ ಜಾಸ್ತಿ, ಆದ್ರೆ ಕೆಲವು ಮೊದಲ ಮುಟ್ಟಿಗೇ ಕಚ್ಚುತ್ತವೆ. ಹಿಂದೆ ಬೇಕಾದ್ದು ಕಚ್ಚೋ ಪ್ಯಾಡಲ್ಲ, ಕಾಲು ಕೇಳಿದಷ್ಟೇ ಕೊಡೋದು. ಹೆಚ್ಚಾಗಿ ರಸ್ತೆಯಲ್ಲೇ ಓಡಿಸೋರಿಗೆ ಕಂಪನಿ ಕೊಟ್ಟ ದರ್ಜೆಯ ಸಿಂಟರ್ಡ್ ಸಾಕು. ಟ್ರ್ಯಾಕಲ್ಲಿ ತಿರುವಿನ ಮಧ್ಯೆ ಬಳಸೋರು ಆರ್ಗ್ಯಾನಿಕ್ (ನಾರು, ರಾಳದ ಪ್ಯಾಡ್) ಇಷ್ಟಪಡೋದು ಅದರ ಮೆದು ಶುರುವಿಗೆ.

ಪ್ಯಾಡ್ ಹಾಕಿದ ಮೇಲೆ ಪಳಗಿಸಬೇಕು. 50ರಿಂದ 10 ಕಿಮೀವರೆಗೆ ಹದವಾಗಿ ಇಳಿಸೋದು, ಪೂರ್ತಿ ನಿಲ್ಲಬಾರದು, ನಡುವೆ ತಣ್ಣಗಾಗೋಕೆ ಅರ್ಧ ಕಿಲೋಮೀಟರ್ ಬಿಡೋದು. 20–30 ಸಲ. ಬಿಸಿ ಪ್ಯಾಡನ್ನ ಒತ್ತಿ ಹಿಡಿದು ನಿಂತ್ರೆ ಅದರ ಅಚ್ಚು ಡಿಸ್ಕಿನ ಮೇಲೆ ಕೂತು ಪೆಡಲ್ ನಡುಗುತ್ತೆ.

ಸರ್ಕ್ಲಿಪ್

ಚೈನಿಗೆ ಸ್ಪ್ರೇ ಹೊಡೆಯುವವರು ಡಿಸ್ಕಿಗೆ ಬಟ್ಟೆ ಮುಚ್ಚಿ. ಚೈನ್ ಒಂದು ಪಕ್ಕ, ಡಿಸ್ಕ್ ಇನ್ನೊಂದು ಪಕ್ಕ ಅಂತ ಧೈರ್ಯ ಬೇಡ. ಸ್ಪ್ರೇಯ ಮಂಜು ಚಕ್ರದ ಕಡ್ಡಿಗಳ ನಡುವಿಂದ ದಾಟಿ ಆಚೆ ಹೋಗಿ ಕೂರ್ತದೆ. ಹೊಸ ಪ್ಯಾಡ್ ಹಾಕಿ ಒಂದೇ ವಾರಕ್ಕೆ ಹಿಡಿತ ಹೋಯ್ತು ಅಂದ್ರೆ ಕಾರಣ ಹಲವು ಸಲ ಇದೇ. ಎಣ್ಣೆ ಕುಡಿದ ಪ್ಯಾಡನ್ನು ಸುಟ್ಟು ಸರಿಮಾಡುವ ಆಸೆ ಬಿಡಿ, ಬಿಸಾಡಿ.

ಎರಡುಬೆರಳು

ರೇಸ್ ಬೈಕುಗಳಲ್ಲಿ ಎಡಗೈ ಹೆಬ್ಬೆರಳಿಗೆ ಹಿಂದಿನ ಬ್ರೇಕ್ ಇರುತ್ತಲ್ಲ, ಅದು ಇದಕ್ಕೆ ಪರಿಹಾರ ಅಲ್ವಾ?

ಟ್ರ್ಯಾಕ್‌ಡೇ

ಅದು ಹುಟ್ಟಿದ್ದು ಗಾಯದಿಂದ. 1992ರಲ್ಲಿ ನೆದರ್ಲೆಂಡ್ಸಿನ ಅಸೆನ್ ಟ್ರ್ಯಾಕಿನಲ್ಲಿ ಬಿದ್ದು ಆಸ್ಟ್ರೇಲಿಯಾದ ರೇಸರ್ ಮಿಕ್ ಡೂಹನ್ ಅವರ ಬಲಗಾಲು ಪೆಡಲ್ ಒತ್ತೋ ಸ್ಥಿತಿಯಲ್ಲಿ ಇರಲಿಲ್ಲ. ಆಮೇಲೆ ಹೆಬ್ಬೆರಳಿನ ಲಿವರ್ ಬಳಸಿದ್ರು, 1994ರಿಂದ 1998ರವರೆಗೆ ಸತತ ಐದು 500 ಸಿಸಿ ವಿಶ್ವ ಪಟ್ಟ ಗೆದ್ರು. ಗಾಯ ಇಲ್ಲದವರಿಗೂ ಅದರಲ್ಲಿ ಲಾಭ ಇದೆ. ಬಲಕ್ಕೆ ಪೂರ್ತಿ ವಾಲಿದಾಗ ಬಲಗಾಲಿಗೂ ನೆಲಕ್ಕೂ ಮಧ್ಯೆ ಜಾಗ ಇರಲ್ಲ, ಪೆಡಲ್ ಹುಡುಕೋದೇ ಕಷ್ಟ. ಹೆಬ್ಬೆರಳಿಗೆ ಆ ತೊಂದರೆ ಇಲ್ಲ.

ಜೋಡಿಸೋದು ಮಾತ್ರ ಹುಷಾರು. ಪೆಡಲಿನ ಮಾಸ್ಟರನ್ನೂ ಹೆಬ್ಬೆರಳಿನ ಮಾಸ್ಟರನ್ನೂ ಟೀ ಜೋಡಣೆಯಿಂದ ಒಂದೇ ಲೈನಿಗೆ ಸೇರಿಸಿದ್ರೆ ಕೆಲಸ ಆಗಲ್ಲ. ಒಂದನ್ನ ಒತ್ತಿದಾಗ ಫ್ಲೂಯಿಡ್ ಇನ್ನೊಂದರ ಆ ಸಣ್ಣ ತೂತಿನಿಂದ, ಗ್ರೀಸ್‌ಕೈ ಹೇಳಿದ ಅದೇ ತೂತು, ಅದರ ಡಬ್ಬಿಗೆ ಓಡಿಹೋಗುತ್ತೆ. ಪೆಡಲ್ ಉಳಿಸ್ಕೋಬೇಕು ಅಂದ್ರೆ ಎರಡು ಪ್ರತ್ಯೇಕ ಲೈನ್ ಇರೋ ಕ್ಯಾಲಿಪರ್ ಬೇಕು, ಇಲ್ಲಾ ಹೆಬ್ಬೆರಳಿನ ಲೈನ್ ಪೆಡಲ್ ಮಾಸ್ಟರಿನ ಒಳಹರಿವಿಗೆ ಸೇರೋ ಸರಣಿ ಜೋಡಣೆ ಬೇಕು. ಸರಣಿಯಲ್ಲಿ ಪೆಡಲ್ ಒತ್ತಿದ ಹೊತ್ತಿಗೆ ಹೆಬ್ಬೆರಳಿನ ದಾರಿ ಮುಚ್ಚಿರುತ್ತೆ, ಎರಡೂ ಕೂಡಿ ಕೆಲಸ ಮಾಡಲ್ಲ.

ರಸ್ತೆ ಬೈಕಿಗೆ ಇದನ್ನ ಹಾಕೋದು ನನ್ನ ಮಟ್ಟಿಗೆ ವ್ಯರ್ಥ. ಅದೇ ಎಡಗೈ ಕ್ಲಚ್ಚನ್ನೂ ನೋಡ್ಕೋಬೇಕು.

ಲೆಕ್ಕಾಚಾರಿ

ಎಬಿಎಸ್ ಇರುವ ಬೈಕಿನವರಿಗೆ ಎರಡು ಸಾಲು. ಬರೀ ಫ್ಲೂಯಿಡ್ ಬದಲಾವಣೆ ಮೇಲಿನ ಕ್ರಮದಲ್ಲೇ ಆಗುತ್ತದೆ. ಮಾಡ್ಯುಲೇಟರಿನ (ಬ್ರೇಕ್ ಒತ್ತಡ ನಿಯಂತ್ರಿಸುವ ಎಬಿಎಸ್ ಘಟಕದ) ಒಳಗೇ ಗಾಳಿ ಹೋಗಿದ್ದರೆ ಅದರ ಕವಾಟಗಳನ್ನು ತೆರೆಸುವ ಡಯಾಗ್ನಾಸ್ಟಿಕ್ ಉಪಕರಣ ಬೇಕು, ಕೈಯಿಂದ ಎಷ್ಟು ಪಂಪ್ ಮಾಡಿದರೂ ಹೊರಬರುವುದಿಲ್ಲ. ಡಿಸ್ಕ್ ಅಥವಾ ಚಕ್ರ ಬಿಚ್ಚಿದವರು ಸೆನ್ಸರ್ ರಿಂಗ್ ಬಗ್ಗದಂತೆ ನೋಡಿಕೊಳ್ಳಿ, ಹಲ್ಲುಗಳ ಸಂಖ್ಯೆ ಬೇರೆಯಾದ ರಿಂಗ್ ಹಾಕಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಹೊಸಪ್ಯಾಡ್

ಪಿನ್, ಪ್ಯಾಡ್, ಫ್ಲೂಯಿಡ್ ಮೂರೂ ಹೊಸದು ಮಾಡಿ ಬ್ಲೀಡ್ ಮಾಡಿದ ಮೇಲೆ ಪೆಡಲ್ ಮೊದಲ ಕಾಲು ಭಾಗದಲ್ಲೇ ಹಿಡೀತಿದೆ. ಮಾಸ್ಟರ್ ಬದಲಾಯಿಸಲ್ಲ. ಹೋಸ್ ಹಳೇದಾಗಿದೆ, ಮೇಲೆ ಸಣ್ಣ ಬಿರುಕು. ಅದೊಂದನ್ನ ಸ್ಟೀಲ್ ಹೆಣಿಗೆಯದು ಹಾಕಬಹುದಾ?

ಗ್ರೀಸ್‌ಕೈ

ಬಿರುಕು ಇದ್ದ ಮೇಲೆ ಹಾಕಲೇಬೇಕು. ಹಿಂದಿನ ಹೋಸ್ ಗಿಡ್ಡ, ಮುಂದೆ ಸಿಗುವಷ್ಟು ವ್ಯತ್ಯಾಸ ಇಲ್ಲಿ ಸಿಗಲ್ಲ. ಉದ್ದ ಅಳೆಯುವಾಗ ಬೈಕನ್ನ ಸ್ಟ್ಯಾಂಡಿನಲ್ಲಿ ಎತ್ತಿ ಚಕ್ರ ಪೂರ್ತಿ ಕೆಳಗೆ ತೂಗ್ತಿರಲಿ, ಆ ಸ್ಥಿತಿಯಲ್ಲೂ ಹೋಸ್ ಬಿಗಿ ಆಗಬಾರದು. ಚೈನ್ ಅಡ್ಜಸ್ಟರ್ ಕೊನೆಗೆ ಹೋದಾಗ ಕ್ಯಾಲಿಪರ್ ಇನ್ನೂ ಹಿಂದೆ ಸರಿಯುತ್ತೆ, ಅದಕ್ಕೂ ಬಿಡಿ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇರೋದನ್ನೇ ತಗೊಳ್ಳಿ, ಬರೀ ಹೆಣಿಗೆ ಸ್ವಿಂಗ್‌ಆರ್ಮಿಗೆ ತಾಗಿದ್ರೆ ಗರಗಸದ ಹಾಗೆ ಕೊರೆಯುತ್ತೆ.

ಬ್ಯಾಂಜೋ ಬೋಲ್ಟಿನ ಎರಡೂ ಪಕ್ಕ ಹೊಸ ವಾಷರ್, ಒಟ್ಟು ನಾಲ್ಕು. ಸ್ಟೀಲ್ ಬೋಲ್ಟಿಗೆ ಸುಮಾರು 20–25 ನ್ಯೂಟನ್ ಮೀಟರ್, ಅಲ್ಯೂಮಿನಿಯಂ ಬೋಲ್ಟು ಆದ್ರೆ ಇನ್ನೂ ಕಡಿಮೆ, ಅದರ ಜೊತೆ ಬಂದ ಚೀಟಿ ನೋಡಿ. ನಿಪ್ಪಲಿಗೆ 5–8. ಬಿಗಿ ಮಾಡಿದ ಮೇಲೆ ಪೆಡಲನ್ನ ಕೇಬಲ್ ಟೈಯಿಂದ ಒತ್ತಿ ಕಟ್ಟಿ ರಾತ್ರಿಯಿಡೀ ಬಿಡಿ, ಜಂಟಿಗಳ ಕೆಳಗೆ ಒಣ ಪೇಪರ್ ಇಟ್ಟು. ಬೆಳಗ್ಗೆ ಪೇಪರಿನ ಮೇಲೆ ಒಂದು ಚುಕ್ಕೆ ಇದ್ರೂ ಬೈಕು ಹೊರಗೆ ತೆಗೀಬೇಡಿ.

ಹೊಸಪ್ಯಾಡ್

ಕೇಬಲ್ ಟೈ ಕಟ್ಟಿದಾಗ ಬ್ರೇಕ್ ಲೈಟ್ ಉರೀತಾನೇ ಇರುತ್ತಲ್ಲ, ಬ್ಯಾಟರಿ?

ಗ್ರೀಸ್‌ಕೈ

ಕೀ ತೆಗೆದಿಡಿ. ಕೀ ತೆಗೆದ ಮೇಲೂ ಉರಿಯೋ ಬೈಕಾದ್ರೆ ಸ್ವಿಚ್ಚಿನ ಕನೆಕ್ಟರ್ ಕಳಚಿಡಿ.